ತೃಷಾಳ ಹೆಸರು ಬಿಟ್ಟ ಪಟ್ಟಿ

ವಾಮಂಜೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಶಶಿಪ್ರಭಾ ಅವರಿಗೆ ಮೌಸ್ ಎಂದರೆ ಅಲರ್ಜಿ. ಎಲ್ಲವೂ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿಯೇ ಆಗಬೇಕು. ಮನೆದೈವಗಳ ತಂಬಿಲ ಪೂಜೆಯ ದಿನ ಪ್ರಸಾದಕ್ಕೆ ಹೆಸರು ಕರೆಯುವ ಕುಟುಂಬದ ಪಟ್ಟಿಯನ್ನೂ ಹಾಗೆಯೇ ಅಕ್ಷರ ಕ್ರಮದಲ್ಲಿ ಸಾರ್ಟ್ ಮಾಡಿಕೊಟ್ಟರು.

ಕುಟುಂಬದ ಹಿರಿಯರಾದ, ತಾಯಿಯ ತಮ್ಮ ಗುಣಪಾಲ ಮಾವ ಸಿಡುಕಿದರು. "ಅಕ್ಷರಮಾಲೆ ಎಂತಕ್ಕೆ ಶಶಿ? ನಮ್ಮದು ಅಳಿಯಸಂತಾನ. ತಾಯಿಯ ಸಾಲಿನಲ್ಲಿ ಬರಬೇಕು. ನಂಬರೂ ಕನ್ನಡದಲ್ಲೇ ಇರಲಿ."

ಸಾರ್ಟ್ ಕಮಾಂಡಿಗೆ ಅಂಥ ಸಾಲು ಎಲ್ಲಿ ಗೊತ್ತು? ಮೂರು ದಿನ ಕೂತು ಅವರೇ ಸಣ್ಣದೊಂದು ಪ್ರೋಗ್ರಾಂ ಬರೆದು ಅದಕ್ಕೆ ಜೋಡಿಸಿದರು. ಪ್ರತಿ ಹೆಸರೂ ತಾಯಿಯ ಹೆಸರಿನ ಕೆಳಗೆ, ಎಡಕ್ಕೆ ಕನ್ನಡ ಅಂಕಿ. ೧ರಿಂದ ೮೬ರವರೆಗೆ ಅಚ್ಚುಕಟ್ಟಾಗಿ ಬಂತು.

ಆದರೆ ಮೊದಲಿನ ಪಟ್ಟಿಯಲ್ಲಿ ೮೭ ಇತ್ತು. ಬಿಟ್ಟುಹೋದದ್ದು ಶಶಿಪ್ರಭಾ ಅವರ ಮಗ ವಿನೀತನ ಮಗಳು ತೃಷಾ. ಪ್ರೀತಿಯಲ್ಲಿ ಕುಟುಂಬದ ಕಟ್ಟುಕಟ್ಟಳೆ ಮರೆತು ಅವಳ ಹೆಸರನ್ನು ಸೇರಿಸಿದ್ದು ಅವರೇ. ಸೊಸೆ ಬೇರೆ ಕುಟುಂಬದವಳು; ಕಟ್ಟಿನ ಪ್ರಕಾರ ಮಗಳೂ ತಾಯಿಯ ಕುಟುಂಬಕ್ಕೇ ಸೇರಿದವಳು. ಪಟ್ಟಿಯಲ್ಲಿ ತಾಯಿ ಸಿಗದ ಹೆಸರನ್ನು ಪ್ರೋಗ್ರಾಂ ಕೈಬಿಟ್ಟಿತ್ತು.

"ನೋಡು, ಕಂಪ್ಯೂಟರಿಗೂ ಕಟ್ಟು ಗೊತ್ತುಂಟು!" ಎಂದು ಮಾವ ನಕ್ಕರು.

"ಅದಕ್ಕೆ ಎಂತದೂ ಗೊತ್ತಿಲ್ಲ ಮಾವ, ನಾನು ಹೇಳಿಕೊಟ್ಟದ್ದು" ಎಂದ ಶಶಿಪ್ರಭಾ, ತೊಡೆಯ ಮೇಲಿದ್ದ ಮೊಮ್ಮಗಳನ್ನು ಸರಿಯಾಗಿ ಕೂರಿಸಿಕೊಂಡು, ಪ್ರೋಗ್ರಾಮಿಗೆ ಇನ್ನೊಂದೇ ಸಾಲು ಸೇರಿಸಿದರು: ತಾಯಿ ಸಿಗದಿದ್ದರೆ ಅಜ್ಜಿಯನ್ನು ಹುಡುಕು.