ಉಗುರಿನಂಚಿನ ಸುಣ್ಣ

ಕೊರೊನಾ ಮುಗಿದ ಮರುವರ್ಷ ನಾನು ಸಾಗರದ ಹೊರವಲಯದ ಒಂದು ಸಣ್ಣ ಸೆರಾಮಿಕ್ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎನ್ನುವುದು ದೊಡ್ಡ ಮಾತು. ಆ ವಿಭಾಗದಲ್ಲಿದ್ದವಳು ನಾನೊಬ್ಬಳೇ. ಸಿಲಿಕಾನ್ ನೈಟ್ರೈಡ್ ಎಂಬ ಪುಡಿಯನ್ನು ಗ್ರಾಫೈಟ್ ಅಚ್ಚಿಗೆ ತುಂಬಿ, ಸುಮಾರು ಸಾವಿರದ ಏಳುನೂರು ಡಿಗ್ರಿ ಶಾಖದಲ್ಲಿ ಬಲವಾಗಿ ಒತ್ತಿದರೆ ರಂಧ್ರವೇ ಇಲ್ಲದ ಗಟ್ಟಿ ಬಿಲ್ಲೆ ಸಿಗುತ್ತದೆ. ಇದೇ ಹಾಟ್ ಪ್ರೆಸ್ಸಿಂಗ್. ಉಕ್ಕು ಸೋಲುವ ಬಿಸಿಯಲ್ಲೂ ಆ ಬಿಲ್ಲೆ ನಿಲ್ಲಬೇಕು.

ಒಂದು ಎಂಜಿನ್ ಕಂಪನಿ ಮಾದರಿ ಉಂಗುರಗಳನ್ನು ಕೇಳಿತ್ತು. ಅವು ಪಾಸಾಗದಿದ್ದರೆ ಬಾಗಿಲು ಹಾಕುವುದೇ ಎಂದು ಮಾಲೀಕರು ಮೊದಲೇ ಹೇಳಿದ್ದರು.

ಪ್ರೆಸ್ ನಡೆಸುತ್ತಿದ್ದವರು ರಿಪ್ಪನ್‌ಪೇಟೆಯ ಮಂಜಪ್ಪ. ಕೆಲಸದಲ್ಲಿ ಶ್ರದ್ಧೆ, ಹೊರಗಿದ್ದಷ್ಟು ಹೊತ್ತು ಬಾಯಲ್ಲಿ ಎಲೆ, ಅಡಿಕೆ, ಸುಣ್ಣದ ಕವಳ. ಒಳಗೆ ಬರುವ ಮುನ್ನ ಉಗಿದು, ಕೈ ತೊಳೆದು, ಗ್ಲೌಸ್ ಹಾಕಿಕೊಳ್ಳುತ್ತಿದ್ದರು. ಉಂಗುರಗಳನ್ನು ಕತ್ತರಿಸಬೇಕಿದ್ದ ಆ ಸಲದ ಬಿಲ್ಲೆ ಕನ್ನಡಿಯಂತೆ ಬಂತು. ಸಾಂದ್ರತೆ ಸರಿ, ತಣ್ಣಗಿದ್ದಾಗಿನ ಬಲವೂ ಸರಿ. ಮಾಲೀಕರು ಜಿಲೇಬಿ ಹಂಚಿದರು.

ಆಮೇಲೆ ಅದೇ ಬಿಲ್ಲೆಯಿಂದ ಕತ್ತರಿಸಿದ ಪಟ್ಟಿಗೆ ಕುಲುಮೆಯೊಳಗೆ ಭಾರ ಹೊರಿಸಿದೆ. ಸಾವಿರದ ಮುನ್ನೂರು ಡಿಗ್ರಿಗೆ ಅದು ಬಾಗತೊಡಗಿತು. ಇನ್ನೊಂದು ಪಟ್ಟಿಯೂ ಬಾಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೊರಗಿನ ಪ್ರಯೋಗಾಲಯ ಕಾರಣ ತಿಳಿಸಿತು: ಕ್ಯಾಲ್ಸಿಯಂ. ಕಣಗಳ ನಡುವಿನ ಗಾಜಿನಂಥ ಪದರಕ್ಕೆ ಅದು ಸೇರಿದರೆ, ಬಿಸಿಯಲ್ಲಿ ಆ ಪದರ ಬೇಗ ಮೆತ್ತಗಾಗುತ್ತದೆ. ತೀರಾ ಸ್ವಲ್ಪ ಸಾಕು. ಒಂದೊಂದೇ ಹಂತ ವಿಚಾರಿಸುತ್ತ ಹೋದಾಗ ಮಂಜಪ್ಪನವರೇ ಬಾಯಿಬಿಟ್ಟರು.

“ಗ್ಲೌಸಲ್ಲಿ ಪುಡಿ ಗಂಟು ಗೊತ್ತಾಗಲ್ಲ ಮೇಡಂ. ಈ ಸಲ ಒಂದೂ ಉಳೀಬಾರ್ದು ಅಂತ ಬರಿಗೈಲಿ ಒಡ್ದೆ. ಕೈ ತೊಳ್ಕೊಂಡೇ ಬಂದಿದ್ದೆ.”

ಹೇಳುತ್ತಲೇ ಕೈ ತಿರುಗಿಸಿ ನೋಡಿಕೊಂಡರು. ಅಂದೂ ಉಗುರಿನಂಚಿನಲ್ಲಿ ಕವಳದ ಸುಣ್ಣ ಬೆಳ್ಳಗೆ ಕೂತಿತ್ತು. ಸುಣ್ಣವೆಂದರೆ ಕ್ಯಾಲ್ಸಿಯಂ.

“ಹಂಗಾರೆ ನನ್ನಿಂದಾನೇ ಆಯ್ತಾ?”

“ಹೌದು” ಎಂದೆ.

ಇನ್ನೊಂದು ಅವಕಾಶ ಕೊಡಿ ಎಂದು ಮಾಲೀಕರು ಅಂಗಲಾಚಿದರು, ಕಂಪನಿ ಒಪ್ಪಲಿಲ್ಲ. ಕಾರ್ಖಾನೆ ಮುಚ್ಚಿತು, ಪ್ರೆಸ್ ಗುಜರಿಗೆ ಹೋಯಿತು. ನಮಗೆಲ್ಲ ಹೇಗೋ ಬೇರೆ ಕೆಲಸ ಸಿಕ್ಕಿತು. ಮಂಜಪ್ಪ ಮಾತ್ರ ಮತ್ತೆ ಯಾವ ಯಂತ್ರವನ್ನೂ ಮುಟ್ಟಲಿಲ್ಲ.

ಕಳೆದ ವರ್ಷ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಎಲೆ-ಅಡಿಕೆ ತಟ್ಟೆ ತಂದಿಟ್ಟರು. ಅಭ್ಯಾಸಬಲದಿಂದ “ಸುಣ್ಣ?” ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.

“ಸುಣ್ಣ ಇಲ್ಲ ಮೇಡಂ. ಇವ್ರು ಮನೆಗೆ ತರೋಕೇ ಬಿಡಲ್ಲ” ಎಂದರು ಆಕೆ. ಮಂಜಪ್ಪ ತಟ್ಟೆಯನ್ನು ನನ್ನತ್ತ ಸರಿಸಿದರು.

ಸೋಲಿಗೆ ಕಾರಣ ಹುಡುಕಲೇಬೇಕು ಎಂದು ಕಸುಬು ಕಲಿಸಿತ್ತು. ಕಾರಣ ಸಿಕ್ಕಮೇಲೆ ಅದನ್ನು ಒಬ್ಬ ಮನುಷ್ಯ ಜೀವಮಾನವಿಡೀ ಹೊರಬೇಕಾಗುತ್ತದೆ ಎಂಬುದನ್ನು ಕಲಿತದ್ದು ಆ ತಟ್ಟೆಯ ಮುಂದೆ. ಸುಣ್ಣವಿಲ್ಲದ ಕವಳವನ್ನೇ ಬಾಯಿಗೆ ಹಾಕಿಕೊಂಡೆ. ಎಷ್ಟು ಅಗಿದರೂ ಕೆಂಪಾಗಲಿಲ್ಲ.