ನಡುವಿನ ಹಲಗೆ

ಅವರ ಎಡಗೈಯಲ್ಲಿ ಮೂರೇ ಬೆರಳು. ಆ ಮೂರು ಬೆರಳು ಕೆನ್ನೆಗೆ ಬಿದ್ದರೆ ಕಿವಿಯೊಳಗೆ ಫ್ಯಾಕ್ಟರಿಯ ಭೋಂಗಾ ಊದಿದ ಹಾಗಾಗುತ್ತಿತ್ತು. ನಮ್ಮ ಪರಿಚಯವಾದದ್ದೇ ಆ ಏಟಿನಿಂದ. ಎಪ್ಪತ್ತರ ದಶಕದ ಕೊನೆಗೆ, ಪುಣೆ ಹತ್ತಿರದ ಭೋಸರಿಯ ನನ್ನ ಗುಜರಿ ಅಂಗಡಿಗೆ ಬಂದು ಒಂದು ಹಳೇ ಗರಗಸದ ಚಕ್ರದ ಬೆಲೆ ಕೇಳಿದರು. ಕಾಡಿನಲ್ಲಿ ಮರ ಕೊಯ್ಯೋ ಗಾಲಿ ಸಾಮಿಲ್ಲಿನದು, ಸಿಗೋ ಮಾಲಲ್ಲ ಎಂದು ಏರಿಸಿ ಹೇಳಿದೆ. ಫಟಾರನೆ ಬಿತ್ತು.

“ಸುಳ್ಳ ಹೇಳ್ತೀಯೇನಲೇ? ಇದು ಕಬ್ಬಿಣ ಕೊಯ್ಯೋದು!”

ಮರುದಿನ ತಾವೇ ಬಂದು ಚಹಾ ಕುಡಿಸಿದರು. ಅಂದಿನಿಂದ ನನಗೆ ಅವರು ಕಾಕಾ.

ಕಾಕಾನ ಹೊಟ್ಟೆಪಾಡು ಫೌಂಡ್ರಿಗೆ ಮರದ ಅಚ್ಚು ಮಾಡುವುದು. ಮನೆಯಲ್ಲಿ ಮಾಡುತ್ತಿದ್ದದ್ದು ಮಾತ್ರ ಒಂದೇ: ಗಾಲಿ ಸಾಮಿಲ್ಲಿನ ಪುಟ್ಟ ಮರದ ನಮೂನೆ. ಒಂದಡಿಗೆ ಒಂದಿಂಚಿನ ಲೆಕ್ಕ. ಹಿಂದೆ ಎತ್ತು ಹೂಡಿ ಕಾಡಿಂದ ಕಾಡಿಗೆ ಎಳೆದೊಯ್ಯುತ್ತಿದ್ದ ಯಂತ್ರ ಅದು: ಉಗಿ ಎಂಜಿನ್ನು, ಬೆಲ್ಟು, ಆಳೆತ್ತರದ ಗರಗಸ, ಬೆಲ್ಟು ಸರಿಸಿ ಗರಗಸ ನಿಲ್ಲಿಸುವ ಹಿಡಿಕೆ. ಒಂದು ಕೀಲು ಸರಿಯಾಗಿ ಕೂಡದಿದ್ದರೂ ಇಡೀ ನಮೂನೆಯನ್ನು ಸುತ್ತಿಗೆಯಿಂದ ಪುಡಿಮಾಡುವರು. ಪ್ರತಿಯೊಂದರಲ್ಲೂ ಹಿಡಿಕೆಗೂ ಗರಗಸಕ್ಕೂ ನಡುವೆ ಒಂದು ಹಲಗೆ ನಿಂತಿರುತ್ತಿತ್ತು. ಅದ್ಯಾಕೆ ಅಂತ ಒಮ್ಮೆ ಕೇಳಿಬಿಟ್ಟೆ.

ಹಳಿಯಾಳದ ಕಾಡು. ಕಾಕಾಗೆ ಆಗ ಇಪ್ಪತ್ತು. ಅಣ್ಣ ಗರಗಸದ ಮುಂದೆ, ಇವರು ಹಿಡಿಕೆಯ ಹತ್ತಿರ. ಅಣ್ಣನ ಧೋತರ ಬೆಲ್ಟಿಗೆ ಸಿಕ್ಕಿತು. ಗರಗಸ ಅವನನ್ನು ಸೊಂಟದ ತನಕ ಸೀಳಿತು. ಆಮೇಲೆ ಓಡಿಬಂದು ಎಳೆಯಹೋದ ಇವರ ಎರಡು ಬೆರಳೂ ಹೋದವು.

“ಅವ್ವ ಸಾಯೂಮಟ ನನ್ನ ಮಾತಾಡಿಸ್ಲಿಲ್ಲ. ‘ನೋಡಕೋತ ನಿಂತ್ಯಲ್ಲೋ’ ಅಂದ್ಳು. ಹೆಂಗ ನೋಡ್ಲಿ? ನಡುವ ಹಲಗಿ ಇತ್ತಲ್ಲ!”

ಅದೇ ಯಂತ್ರವನ್ನು ಹುಡುಕಿ, ಅಳತೆ ತೆಗೆದು, ಹಲಗೆ ಇದ್ದ ಜಾಗವನ್ನು ಗುರುತುಮಾಡಬೇಕು. ಸತ್ತ ತಾಯಿಗೆ ಅವರು ಕೊಡಬೇಕೆಂದಿದ್ದ ಉತ್ತರ ಅದು. ಅದಕ್ಕಾಗಿ ಕಟ್ಟಿಗೆ ಅಡ್ಡೆಗಳನ್ನೆಲ್ಲ ಸುತ್ತಿದ್ದರು. ನಾನೂ ಗುಜರಿಯವರ ಬಾಯಿಂದ ಬಾಯಿಗೆ ವಿಚಾರಿಸುತ್ತ ಹೋದೆ. ಹಳಿಯಾಳದಿಂದ ಬೆಳಗಾವಿ, ಅಲ್ಲಿಂದ ಸೊಲ್ಲಾಪುರ. ಕೊನೆಗೆ ದೌಂಡದ ಒಂದು ಬೆಲ್ಲದ ಗಾಣದ ಹಿಂದೆ ಬಿದ್ದಿದೆ ಅಂತ ಗೊತ್ತಾಯಿತು.

ರೈಲಿನಲ್ಲಿ ತಿಳಿಹೇಳಿದೆ: “ಕಾಕಾ, ಬೇಕಾದ ಮಾಲು ಕಡೀಗೆ ನೋಡಬೇಕ್ರಿ. ಮೊದಲ ತೂತು ಕೊಪ್ಪರಿಗಿ ರೇಟು ಕೇಳ್ರಿ.” ಹಳೇ ಮಾಲು ಕೊಳ್ಳುವವರು ಈಗಲೂ ಇದನ್ನು ನೆನಪಿಡಬೇಕು. ಕಾಕಾ ನೆನಪಿಟ್ಟರೇ? ಗಾಲಿಗೆ ಅಣ್ಣ ಹೊಡೆದಿದ್ದ ಹಿತ್ತಾಳೆಯ ತೇಪೆ ಕಂಡದ್ದೇ ತಡ, ಓಡಿಹೋಗಿ ತಬ್ಬಿಕೊಂಡರು. “ಹಾತ ಲಾವೂ ನಕೋ!”, ಮುಟ್ಟಬೇಡ ಎಂದು ಮರಾಠಿಯಲ್ಲಿ ಕೂಗುತ್ತ ಮಾಲಕ ಕೊರಳಪಟ್ಟಿ ಹಿಡಿದು ಎಳೆದ. ಕಾಕಾ ಕಬ್ಬಿಣದ ಅಳತೆಪಟ್ಟಿಯಿಂದ ಅವನ ಮೂಗಿಗೇ ಬಾರಿಸಿದರು. ಆಳುಗಳು ಬಡಿಗೆ ತಂದರು. ಕಾಕಾನ ಹಣೆ ಒಡೆಯಿತು, ಬಿಡಿಸಲು ಹೋದ ನನ್ನ ಹಲ್ಲು ಹೋಯಿತು. ಕೊನೆಗೆ ಯಂತ್ರವನ್ನೇ ಕೊಂಡುಬಿಟ್ಟೆ. ಜನ್ಮದಲ್ಲಿ ಅದೊಂದೇ ಸಲ ನಾನು ಚೌಕಾಶಿ ಮಾಡಲಿಲ್ಲ. ಬಾಯಿ ತುಂಬ ರಕ್ತವಿತ್ತು.

ಹಣೆಗೆ ಟವೆಲ್ಲು ಸುತ್ತಿಕೊಂಡು ಕಾಕಾ ಅಳತೆಗೆ ಕೂತರು. ಹಿಡಿಕೆಯ ಹತ್ತಿರ ಬಂದಾಗ ಅವರ ಕೈ ನಿಂತಿತು. ಚೌಕಟ್ಟಿನ ತುಕ್ಕು ಕೆರೆದರು, ಮತ್ತೆ ಕೆರೆದರು. ಹಲಗೆ ಕೂಡಿಸಬೇಕಾದರೆ ಬೋಲ್ಟಿನ ತೂತು ಬೇಕಲ್ಲ? ಕಬ್ಬಿಣ ನುಣ್ಣಗಿತ್ತು.

“ನೀ ಗುಜರಿಯಾಂವ. ನೋಡಿ ಹೇಳು. ಇಲ್ಲಿ ತೂತು ಇದ್ವಿಲ್ಲೋ?”

“ಇದ್ವು ಕಾಕಾ. ಬೆಸಗಿ ಹಾಕಿ ಮುಚ್ಚ್ಯಾರ್ರಿ,” ಎಂದೆ.

ಕೆನ್ನೆ ಬಿಗಿಹಿಡಿದು ನಿಂತೆ. ಏಟು ಬೀಳಲಿಲ್ಲ.

“ಇಲ್ಲಿ ಹಲಗಿ ಇರ್ಲೇ ಇಲ್ಲ. ನಮೂನಿಗೆ ನಾನ ಹಚ್ಚೇನಿ,” ಎಂದರು. “ಕಾಣ್ತಿತ್ತು. ಎಲ್ಲಾ ಕಾಣ್ತಿತ್ತು. ಕೈ ಏಳಲಿಲ್ಲ.” ಆಮೇಲೆ ಒಡೆದ ಹಣೆಯನ್ನೇ ಆ ಚೌಕಟ್ಟಿಗೆ ಬಡಿದುಕೊಳ್ಳತೊಡಗಿದರು. ಹಿಂದಿನಿಂದ ತೆಕ್ಕೆಹಾಯ್ದು ಹಿಡಿಯಬೇಕಾದರೆ ನನ್ನ ಶಕ್ತಿಯೆಲ್ಲ ಹೋಯಿತು.

ಮನೆಗೆ ಬಂದು ಹಳೇ ನಮೂನೆಗಳನ್ನೆಲ್ಲ ಕೊಡಲಿಯಿಂದ ಸೀಳಿ ನೀರೊಲೆಗೆ ಹಾಕಿದರು. ಹೊಸದೊಂದನ್ನು ಮಾಡಿ ಮುಗಿಸಿದ ಚಳಿಗಾಲದಲ್ಲೇ ತೀರಿಕೊಂಡರು. ಅದೀಗ ನನ್ನ ಅಂಗಡಿಯಲ್ಲಿದೆ. ಅವರ ನಮೂನೆಗಳಲ್ಲಿ ಎಂದೂ ಮನುಷ್ಯರಿರುತ್ತಿರಲಿಲ್ಲ, ಇದರಲ್ಲಿ ಇಬ್ಬರಿದ್ದಾರೆ. ಒಬ್ಬ ಗರಗಸದ ಮುಂದೆ ಬಗ್ಗಿದ್ದಾನೆ. ಹಿಡಿಕೆಯ ಹತ್ತಿರ ಇನ್ನೊಬ್ಬ, ಕೈ ಕೆಳಗೆ ಇಳಿಬಿಟ್ಟುಕೊಂಡು. ನಡುವೆ ಏನೂ ಇಲ್ಲ. ಹಿಡಿಕೆಯವನ ಹೆಬ್ಬೆರಳಿಗಿಂತ ಚಿಕ್ಕದಾದ ಮುಖವನ್ನು ಗರಗಸದ ಕಡೆಗೇ ತಿರುಗಿಸಿ, ಸೂಜಿಯಿಂದ ಎರಡು ಕಣ್ಣು ಕೊರೆದಿದ್ದಾರೆ.