ಬ್ಯಾಡಗಿಯಿಂದ ಗಿಡ್ಡ ಕುದುರೆಯನ್ನು ಕರೆತಂದದ್ದು

ನಮ್ಮ ಅಬ್ಬಾ ಬ್ಯಾಡಗಿಯ ರೈಲು ನಿಲ್ದಾಣದ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಟಾಂಗಾದ ಕುದುರೆಯಲ್ಲದೆ ಅವರ ಹತ್ತಿರ ಇನ್ನೊಂದಿತ್ತು. ನನ್ನ ಎದೆಮಟ್ಟಕ್ಕೂ ಬಾರದ, ಬೂದು ಬಣ್ಣದ ಗಿಡ್ಡ ಹೆಣ್ಣುಕುದುರೆ. ಅದಕ್ಕೆಂದೇ ಮಾಡಿಸಿದ ಪುಟ್ಟ ಗಾಡಿಯಲ್ಲಿ ಓಣಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ಮದುವೆಯಾಗಿ ಕುಪ್ಪೇಲೂರಿಗೆ ಹೋಗುವವರೆಗೂ ಅದಕ್ಕೆ ನೀರು, ಮೇವು, ಮೈ ತಿಕ್ಕುವುದು ಎಲ್ಲ ನನ್ನದೇ.

ತೊಂಬತ್ತರ ದಶಕದ ಆರಂಭದಲ್ಲಿ ಊರಿಗೆ ಆಟೋಗಳು ಬಂದವು. ಅದೇ ಹೊತ್ತಿಗೆ ಗಿಡ್ಡ ಕುದುರೆಯ ಮುಂಗಾಲಿನ ಗೊರಸು ಸೀಳಿತು. ದನದ ಡಾಕ್ಟರು ಔಷಧ ಕಟ್ಟಿ, ಡಾಂಬರು ರಸ್ತೆಯ ಮೇಲೆ ನಡೆಸಬೇಡಿ, ಮೆತ್ತನೆಯ ನೆಲದಲ್ಲಿ ಬಿಡಿ ಎಂದರಂತೆ. ಇಟ್ಟಿಗೆ ಹೇರಲು ಭಟ್ಟಿಯವನೊಬ್ಬ ಅದನ್ನು ಕೊಳ್ಳಲು ಬಂದಿದ್ದಾನೆಂದು ತಿಳಿದಾಗ, ನಮ್ಮಲ್ಲಿಗೇ ತರೋಣವೆಂದು ಗಂಡನಿಗೆ ಹೇಳಿದೆ. ನಮ್ಮ ಹೊಲದ ಕಪ್ಪು ಮಣ್ಣಿಗಿಂತ ಮೆತ್ತನೆಯ ನೆಲ ಎಲ್ಲಿದೆ? ಗಂಡ ಹೇಳಿದ: “ನಿಲ್ಲಸಾಕ ಜಾಗಾ ಐತಿ. ಆದರ ನಡಿಯಾಕ ಬರದ ಕುದುರೀನ ಅಲ್ಲಿಂದ ಹೆಂಗ ತರ್ತಿ?”

ನಮ್ಮ ಪಕ್ಕದ ಹೊಲದ ಹಿರಿಯರೊಬ್ಬರು ಟ್ರ್ಯಾಕ್ಟರಿನಲ್ಲಿ ಮೆಣಸಿನಕಾಯಿ ತುಂಬಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಬರುವಾಗ ಟ್ರೇಲರ್ ಖಾಲಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹೋಗಿ ಕೇಳಿದೆ, ಒಪ್ಪಿದರು. ಗಂಡನಿಗೆ ಆ ದಿನ ನೀರು ಹಾಯಿಸುವ ಸರದಿಯಿತ್ತು. ಹೊಟ್ಟು ತುಂಬಿದ ಹೊಸ ಚೀಲಗಳನ್ನು ಕಾಯಿಚೀಲಗಳ ಮೇಲೇರಿಸಿಕೊಂಡು ನಾನೊಬ್ಬಳೇ ಅವರ ಜೊತೆ ಹೊರಟೆ.

ಮಾರ್ಕೆಟ್ಟಿನಲ್ಲಿ ಮಾಲು ಇಳಿಯಿತು. ಮೊದಲೇ ಹೇಳಿಕಳಿಸಿದ್ದಂತೆ ಅಬ್ಬಾ ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಬಂದರು. “ಲಗೂ ಹತ್ತಸ್ರಿ, ಹೊತ್ತಾಗ್ತೈತಿ,” ಎಂದರು ಕಾಕಾ. ನಾನು ಟ್ರೇಲರ್ ಹತ್ತಿದೆ, ಹತ್ತಿದವಳೇ ಸೀನತೊಡಗಿದೆ. ಹಲಗೆಯ ಸಂದುಗಳಲ್ಲೆಲ್ಲ ಖಾರದ ಪುಡಿ.

“ಇದನ್ನ ತೊಳೀದ ಹತ್ತಸೂದಿಲ್ಲ ಕಾಕಾ.”

“ಕುದುರೀಗೆ ಏನಾಗ್ತದವಾ?”

“ನನಗ ಇಷ್ಟು ಸೀನು ಬರಾಕತ್ತಾವ. ಅದರ ಮೂಗು ನಂದಕ್ಕಿಂತ ದೊಡ್ಡದೈತಿ.”

ಹಮಾಲರು ನಕ್ಕರು, ನಕ್ಕವರೇ ನೀರಿನ ಕೊಡ ತಂದುಕೊಟ್ಟರು. ಕೆಂಪು ನೀರು ತಿಳಿಯಾಗುವವರೆಗೆ ತೊಳೆದೆ. ಅಂಗೈ ಸಂಜೆಯವರೆಗೂ ಉರಿಯುತ್ತಿತ್ತು. ಜಾರದಂತೆ ತಳಕ್ಕೆ ಹಸಿ ಮರಳು ಹಾಕಿ, ಮೇಲೆ ಹುಲ್ಲು ಹರಡಿದೆ. ಎರಡೂ ಪಕ್ಕ ಹೊಟ್ಟಿನ ಚೀಲಗಳನ್ನು ಒತ್ತಾಗಿ ನಿಲ್ಲಿಸಿ ಕಟ್ಟಿ, ಕುದುರೆಗೆ ಮೈ ಆನಿಸುವಷ್ಟೇ ಇಕ್ಕಟ್ಟಾದ ಜಾಗ ಬಿಟ್ಟೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ಕಾಕಾನಿಗೆ ನನ್ನ ಕೂಗು ಕೇಳದೆಂದು ಒಂದು ಉದ್ದನೆಯ ಹಗ್ಗದ ತುದಿಯನ್ನು ಅವರ ತೋಳಿಗೆ ಕಟ್ಟಿದೆ. ಎಳೆದರೆ ನಿಲ್ಲಿಸಬೇಕು. “ನನ್ನನ್ನೂ ಕಟ್ಟಿ ಹಾಕಿದೀ?” ಎಂದು ಅವರು ನಕ್ಕರು.

ಮಾಲು ಇಳಿಸುವ ಕಟ್ಟೆಗೆ ಟ್ರೇಲರಿನ ಹಿಂಬದಿಯನ್ನು ತಾಗಿಸಿ ನಿಲ್ಲಿಸಿದರು. ಕುದುರೆ ಅಂಚಿನವರೆಗೆ ಬಂದು ನಿಂತುಬಿಟ್ಟಿತು. ಅಬ್ಬಾ ಎಳೆದರು, ಹಮಾಲರು ಹಿಂದಿನಿಂದ ದೂಡಿದರು. ಅದು ಕಿವಿ ಹಿಂದಕ್ಕೆ ಮಡಚಿ ಕಾಲೂರಿತು. ಎಲ್ಲರನ್ನೂ ದೂರ ಸರಿಸಿದೆ. ಒಳಗೆ ಹೋಗಿ ಅದಕ್ಕೆ ಬೆನ್ನು ಮಾಡಿ ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಮೇಲೆ ಬಿಸಿ ಉಸಿರು ತಾಗಿತು.

ಅಬ್ಬಾ ಬಂದು ಅದರ ತಲೆಯನ್ನು ಗಿಡ್ಡಗೆ ಬಿಗಿದು ಕಟ್ಟಿದರು. ಹಾಗೆ ಕಟ್ಟಿದರೆ ಗಾಡಿ ಓಲಾಡಿದಾಗ ಅದು ಆಯ ತಪ್ಪದೆ ನಿಲ್ಲುವುದು ಹೇಗೆ? ನಾನು ಬಿಚ್ಚಿ, ತುಸು ಸಡಿಲ ಬಿಟ್ಟು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿದೆ. ಅಬ್ಬಾ ನನ್ನ ಮುಖ ನೋಡಿದರು. ಕುದುರೆ ವಿಷಯದಲ್ಲಿ ಅವರ ಗಂಟನ್ನು ಅದುವರೆಗೆ ಯಾರೂ ಬಿಚ್ಚಿದ್ದಿಲ್ಲ. ನಿಲ್ದಾಣಕ್ಕೆ ಟಾಂಗಾ ಹೂಡಬೇಕಿದ್ದುದರಿಂದ ಅವರು ಇಳಿದು ಬ್ಯಾಡಗಿಯಲ್ಲೇ ಉಳಿದರು.

ಕದರಮಂಡಲಗಿ ಹತ್ತಿರ ಬಂದಾಗ ಹಿಂದಿನಿಂದ ಬಂದ ಬಸ್ಸೊಂದು ಕಿವಿಗಡಚಿಕ್ಕುವಂತೆ ಹಾರ್ನ್ ಹೊಡೆದು ಮುಂದೆ ಹೋಯಿತು. ಕುದುರೆ ಬೆಚ್ಚಿ ಮುಂಗಾಲೆತ್ತಿತು. ಇಳಿಸುವಾಗ ಮುಗ್ಗರಿಸಿ ಮೊಣಕಾಲೂರಿ ಕುಸಿಯಿತು. ಹಗ್ಗ ಎಳೆದೆ. ಟ್ರ್ಯಾಕ್ಟರ್ ನಿಂತಿತು. ತಲೆಯ ಗಂಟನ್ನು ಬಿಚ್ಚಿ, ನನ್ನ ಸೆರಗನ್ನು ಅದರ ಕಣ್ಣಿಗೆ ಹೊದಿಸಿ, ಅಬ್ಬಾ ಅದಕ್ಕೆ ಹೇಳುತ್ತಿದ್ದಂತೆಯೇ, “ಬಸ್ ಬೇಟಿ, ಬಸ್,” ಸಾಕು ಮಗಳೇ, ಸಾಕು ಎಂದೆ. ಅದು ಒಮ್ಮೆ ಮೈ ಕೊಡವಿ ತಾನಾಗಿಯೇ ಎದ್ದು ನಿಂತಿತು. ಪಕ್ಕದಲ್ಲಿ ಕಬ್ಬಿಣದ ಅಂಚಿತ್ತು, ನಡುವೆ ಚೀಲಗಳಿದ್ದವು. ಒಂದು ಗೀರೂ ಆಗಿರಲಿಲ್ಲ.

ಆಂಜನೇಯನ ಗುಡಿಗೆ ಬಂದಿದ್ದ ಹೆಂಗಸೊಬ್ಬಳು ಓಡಿ ಬಂದು ಬಕೆಟ್ಟಿನಲ್ಲಿ ನೀರು ಕೊಟ್ಟಳು. ಕಾಕಾ ಟ್ರ್ಯಾಕ್ಟರಿನಿಂದಿಳಿದು ಹಿಂದೆ ಬಂದರು.

“ತಿರುಗಿ ಬ್ಯಾಡಗಿಗೆ ಹೋಗೂಣೇನು?”

“ಇಲ್ಲ ಕಾಕಾ, ಮುಂದಕ್ಕ. ಇನ್ನ ಮ್ಯಾಲೆ ನಾ ಹೇಳಿದಂಗ ಹೊಡೀರಿ. ತಿರುವಿನ್ಯಾಗ ನಿಧಾನ, ಬ್ರೇಕ್ ಒಮ್ಮೆಲೆ ಒತ್ತಬ್ಯಾಡ್ರಿ.”

“ಆತು ತಾಯಿ,” ಎಂದರು. ಹಾಗೆಯೇ ಹೊಡೆದರು ಕೂಡ.

ರಾಣೆಬೆನ್ನೂರಿನ ಪೇಟೆಯಲ್ಲಿ ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು. ಯಾರೋ ಸಿಳ್ಳೆ ಹಾಕಿದರು. ಬೇರೆ ದಿನವಾಗಿದ್ದರೆ ಮುಖದ ಮೇಲೆ ಸೆರಗೆಳೆದುಕೊಳ್ಳುತ್ತಿದ್ದೆ. ಆ ದಿನ ಸೆರಗು ಕುದುರೆಯ ಕಣ್ಣಿನ ಮೇಲಿತ್ತು. ನಾನು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು, ತಲೆ ಎತ್ತಿ ನಿಂತೇ ಪೇಟೆ ದಾಟಿದೆ. ಮೆರವಣಿಗೆಯಲ್ಲಿ ಹೋದಂತೆ ಇತ್ತು.

ಬಿಸಿಲಿರುವಾಗಲೇ ಕುಪ್ಪೇಲೂರು ಮುಟ್ಟಿದೆವು. ಹೊಲದ ಬದುವಿಗೆ ಟ್ರೇಲರ್ ತಾಗಿಸಿ ನಿಲ್ಲಿಸಿದಾಗ ಕುದುರೆ ಯಾರೂ ಹೇಳದೆ ಇಳಿಯಿತು. ಮಣ್ಣು ಮೂಸಿತು, ಬಿದ್ದು ಹೊರಳಾಡಿತು. ಗಂಡ ಗುದ್ದಲಿ ಹಿಡಿದುಕೊಂಡೇ ನಿಂತು ನೋಡುತ್ತಿದ್ದ. “ತಂದೇ ಬಿಟ್ಟಿ,” ಎಂದ.

ಮರುದಿನ ಮೊದಲ ಬಸ್ಸಿಗೇ ಅಬ್ಬಾ ಬಂದರು. ಚಹಾ ಕುಡಿಯದೆ ನೇರವಾಗಿ ಹೊಲಕ್ಕೆ ಹೋಗಿ, ಕುದುರೆಯ ನಾಲ್ಕೂ ಕಾಲು ಸವರಿ, ಹೊಟ್ಟೆ ಮುಟ್ಟಿ, ಗೊರಸೆತ್ತಿ ನೋಡಿದರು. ಹೊಸ ಗಾಯವೇನೂ ಸಿಗಲಿಲ್ಲ. ಆಮೇಲೆ ಬದುವಿನ ಮೇಲೆ ಕುಳಿತು, ದಾರಿಯಲ್ಲಿ ಏನೇನಾಯಿತೆಂದು ಕೇಳಿದರು. ಹೇಳಿದೆ. ಇನ್ನೊಮ್ಮೆ ಹೇಳು ಎಂದರು. ಕುದುರೆಯ ವಿಷಯದಲ್ಲಿ ಸದಾ ತಾವೇ ಹೇಳುತ್ತಿದ್ದವರು, ಅಂದು ಪೂರ್ತಿ ಕೇಳಿಸಿಕೊಂಡರು.

ಸಂಜೆ ಅವರನ್ನು ಬಸ್ಸಿಗೆ ಬಿಡಲು ಹೋದಾಗ ಕಾಕಾ ಎದುರಾದರು. ಅಬ್ಬಾ ಅವರ ಕೈ ಹಿಡಿದುಕೊಂಡು ಹೇಳಿದರು: “ನಾ ಹುಟ್ಟಿದಾಗಿನಿಂದ ಕುದುರಿ ಹೊಡಕೊಂಡು ಬಂದೇನ್ರಿ. ಟ್ರ್ಯಾಕ್ಟರಿನ್ಯಾಗ ಕುದುರಿ ತರೋದು ನನಗ ಆಗತಿದ್ದಿಲ್ಲ. ನನ್ನ ಮಗಳು ತಂದಾಳ.”

ಬಸ್ಸಿನಲ್ಲಿ ಕುಳಿತ ಮೇಲೂ ಅವರು ಪಕ್ಕದವರಿಗೆ ಕೈ ಆಡಿಸಿ ಏನೋ ಹೇಳುತ್ತಿದ್ದುದು ಕಿಟಕಿಯಲ್ಲಿ ಕಾಣಿಸುತ್ತಿತ್ತು.